ಪವಿತ್ರ ಗುರುವಾರದ ಆ ಒಂದು ಗಂಟೆ

ಯೇಸುಸ್ವಾಮಿಯ ಕೊನೆಯ ಭೋಜನವನ್ನು ನೆನೆಯುವ ಪವಿತ್ರ ಗುರುವಾರದ ಸಂಜೆ, ಪೂಜೆಯ ಮಹಿಮಾಗೀತೆಗೆ ಗಂಟೆಗಳು ಮೊಳಗಿದವೆಂದರೆ ಮುಗಿಯಿತು, ಮತ್ತೆ ಅವುಗಳ ದನಿ ಕೇಳುವುದು ಶನಿವಾರ ರಾತ್ರಿ ಈಸ್ಟರ್ ಹಬ್ಬದ ಪಾಸ್ಖ ಜಾಗರಣೆಯಲ್ಲೇ. ಪಾದ ತೊಳೆಯುವ ವಿಧಿ ಮುಗಿದು, ಯೇಸುಸ್ವಾಮಿಯ ದೇಹವೆಂದು ನಾವು ನಂಬುವ ರೊಟ್ಟಿಯಾದ ಪರಮಪ್ರಸಾದವನ್ನು ಮೆರವಣಿಗೆಯಲ್ಲಿ ಪಕ್ಕದ ಪೀಠಕ್ಕೆ ಕೊಂಡೊಯ್ದ ಮೇಲೆ, ಮುಖ್ಯ ಬಲಿಪೀಠದ ಬಟ್ಟೆ, ಮೇಣದಬತ್ತಿ ಎಲ್ಲವನ್ನೂ ತೆಗೆದುಬಿಡುತ್ತಾರೆ. ಬರೀ ಕಲ್ಲು ಉಳಿಯುತ್ತದೆ. ಇಡೀ ವರ್ಷದಲ್ಲಿ ನನಗೆ ಅತಿ ಪ್ರಿಯವಾದ ರಾತ್ರಿ ಅದು. ನಡುರಾತ್ರಿಯವರೆಗೆ ಆರಾಧನೆ. ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಚರ್ಚಿನ ವ್ಯಾಪ್ತಿಯಲ್ಲಿ, ಒಂದೊಂದು ವಾರ್ಡಿಗೆ ಒಂದೊಂದು ಗಂಟೆ. ನಮ್ಮದು ಹತ್ತರಿಂದ ಹನ್ನೊಂದು.

ಹೋದ ವರ್ಷ ಆ ಗಂಟೆಯನ್ನು ನಾನು ಕಳೆದುಕೊಂಡೆ. ಮಲ್ಲಿಗೆ, ದೀಪಗಳ ನಡುವೆ ಪೀಠ ತುಂಬ ಚೆನ್ನಾಗಿ ಕಂಡಿತು. ಒಂದು ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಜತೆಗೆ ಬೈಬಲಿನ ಒಂದು ವಚನವನ್ನೂ ಬರೆದೆ, ಅದೂ ಭಕ್ತಿಯೇ ಅಂದುಕೊಂಡು. ಆಮೇಲೆ ಯಾರು ಯಾರು ನೋಡಿದರೆಂದು ನೋಡಿದೆ. ಯಾರೋ ಕೈಮುಗಿದರು, ಅವರಿಗೆ ಉತ್ತರಿಸಿದೆ. ಅಲ್ಲಿಂದ ಇನ್ನೆಲ್ಲಿಗೋ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ತಾಯಿಯ ಹೆಬ್ಬೆರಳು ಜಪಮಾಲೆಯ ಮಣಿಗಳನ್ನು ಒಂದೊಂದಾಗಿ ಸರಿಸುತ್ತಿತ್ತು, ಮಣಿ ಬೆಂಚಿಗೆ ತಾಗಿದಾಗ ಟಿಕ್ ಎಂಬ ಸಣ್ಣ ಸದ್ದು. ನನ್ನ ಹೆಬ್ಬೆರಳೂ ಸರಿಸುತ್ತಿತ್ತು. ತಲೆಯೆತ್ತಿದಾಗ ಮುಂದಿನ ವಾರ್ಡಿನವರು ಒಳಗೆ ಬರುತ್ತಿದ್ದರು.

ಬಂಧನಕ್ಕೆ ಮುಂಚೆ, ಅದೇ ಗುರುವಾರದ ರಾತ್ರಿ, ಗೆತ್ಸೆಮನಿ ತೋಪಿನಲ್ಲಿ ಯೇಸುಸ್ವಾಮಿ ತಮ್ಮ ಶಿಷ್ಯರಾದ ಪೇತ್ರನನ್ನೂ ಜೆಬೆದಾಯನ ಇಬ್ಬರು ಮಕ್ಕಳನ್ನೂ ಹತ್ತಿರ ಕರೆದುಕೊಂಡರು. ಬೋಧಿಸಿರೆಂದಾಗಲಿ ಕತ್ತಿ ಹಿಡಿಯಿರೆಂದಾಗಲಿ ಹೇಳಲಿಲ್ಲ. ನನ್ನ ಜತೆ ಎಚ್ಚರವಾಗಿರಿ ಎಂದರು, ಅಷ್ಟೆ. ಬಂದು ನೋಡಿದರೆ ಮೂವರೂ ನಿದ್ದೆ. ಒಂದು ಗಂಟೆ ಕೂಡ ಎಚ್ಚರವಾಗಿರಲು ಆಗಲಿಲ್ಲವೇ ಎಂದು ಕೇಳಿದರು. ಅವರ ಕಣ್ಣು ಭಾರವಾಗಿದ್ದವು ಎನ್ನುತ್ತಾನೆ ಮತ್ತಾಯ. ಅವರದು ದಣಿವು. ನನ್ನ ಕಣ್ಣು ಪೂರ್ತಿ ತೆರೆದಿದ್ದವು, ಆದರೂ ನಾನು ಅಲ್ಲಿರಲಿಲ್ಲ. ಇದೇ ನನ್ನನ್ನು ತಿಂಗಳುಗಟ್ಟಲೆ ಚುಚ್ಚಿತು.

ಸಮಯ ಉಳಿಸಬೇಕೆಂದು ಯಾರು ಬೇಕಾದರೂ ಹೇಳುತ್ತಾರೆ. ಸಂತ ಪೌಲ ಹೇಳುವುದು ಬೇರೆ. ಸೆರೆಯಲ್ಲಿದ್ದುಕೊಂಡು ಎಫೆಸದವರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ, ದಿನಗಳು ಕೆಟ್ಟವಾಗಿರುವುದರಿಂದ ಕಾಲವನ್ನು ಸದುಪಯೋಗ ಮಾಡಿಕೊಳ್ಳಿ ಎನ್ನುವ ಕಡೆ, ಗ್ರೀಕಿನಲ್ಲಿರುವ ಕ್ರಿಯಾಪದ ‘ಎಕ್ಸಗೊರಾಜೊ’. ಅಗೊರಾ ಎಂದರೆ ಸಂತೆ. ಬೆಲೆ ಕೊಟ್ಟು ಬಿಡಿಸಿಕೊಳ್ಳುವುದು, ಗಿರವಿ ಅಂಗಡಿಯಲ್ಲಿಟ್ಟ ಸರವನ್ನು ಬಿಡಿಸಿಕೊಂಡು ಬಂದ ಹಾಗೆ. ಗಲಾತ್ಯದವರಿಗೆ ಬರೆದ ಪತ್ರದ ಮೂರನೇ ಅಧ್ಯಾಯದಲ್ಲಿ ಕ್ರಿಸ್ತರು ನಮ್ಮನ್ನು ಶಾಪದಿಂದ ಬಿಡಿಸಿದರು ಎನ್ನುವಾಗಲೂ ಇದೇ ಪದ. ಇದು ತಿಳಿದಂದಿನಿಂದ ನನ್ನ ದಿನದ ಗಂಟೆಗಳು ನನ್ನವು ಎನ್ನಲು ನಾಲಗೆ ಏಳುವುದಿಲ್ಲ. ಅವರು ಬೆಲೆ ತೆತ್ತು ಬಿಡಿಸಿಕೊಂಡದ್ದನ್ನು ನಾನು ಅರ್ಧರ್ಧ ನಿಮಿಷವಾಗಿ ಮತ್ತೆ ಗಿರವಿ ಇಡುತ್ತಿದ್ದೇನೆ.

2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಅಕ್ಯುಟಿಸ್ ಕಂಪ್ಯೂಟರ್ ಎಂದರೆ ಪ್ರಾಣ ಬಿಡುತ್ತಿದ್ದ ಹುಡುಗ. ಪರಮಪ್ರಸಾದದ ಪವಾಡಗಳನ್ನೆಲ್ಲ ಕಲೆಹಾಕಿ ಜಾಲತಾಣ ಮಾಡಿದವನು. ವಿಡಿಯೊ ಗೇಮ್‌ಗೆ ಮಾತ್ರ ವಾರಕ್ಕೆ ಒಂದೇ ಗಂಟೆ ಎಂದು ತಾನೇ ಗೆರೆ ಎಳೆದುಕೊಂಡಿದ್ದ. 2006ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ ಅವನಿಗೆ 15 ವರ್ಷ. ಈಗಿನಂಥ ಫೋನುಗಳು ಆಗ ಇರಲಿಲ್ಲ, ನಿಜ. ಆದರೆ ಆ ಗೆರೆಯನ್ನು ಅವನಿಗೆ ಹೊರಗಿನವರು ಯಾರೂ ಎಳೆದುಕೊಡಲಿಲ್ಲ.

ಈ ವರ್ಷ ಫೋನನ್ನು ಮನೆಯಲ್ಲಿ ರಾಗಿ ಡಬ್ಬದ ಮೇಲಿಟ್ಟು ಹೋದೆ. ಮೊದಲ ಹತ್ತು ನಿಮಿಷದಲ್ಲೇ ಕೈ ಮೂರು ಸಲ ಜೇಬಿಗೆ ಹೋಯಿತು. ನಂತರ ಒಂದೊಂದೇ ಕೇಳಿಸತೊಡಗಿತು: ಫ್ಯಾನು, ಯಾರದೋ ಕೆಮ್ಮು, ಅದೇ ತಾಯಿಯ ಮಣಿಗಳ ಟಿಕ್ ಟಿಕ್. ಪ್ರಾರ್ಥನೆ ಏನೂ ಬರಲಿಲ್ಲ. ಒಂದು ಹೆಸರು ಮಾತ್ರ ಬಂತು. ಡಿಸೆಂಬರಿನಲ್ಲಿ ಗಂಡನನ್ನು ಕಳೆದುಕೊಂಡ ನಮ್ಮ ಬೀದಿಯ ಹೆಣ್ಣುಮಗಳು. ಸಾವಿನ ಸುದ್ದಿ ಗ್ರೂಪಿನಲ್ಲಿ ಬಂದಾಗ ನಾನೊಂದು ಕೈಮುಗಿದ ಚಿತ್ರ ಒತ್ತಿದ್ದೆ. ಅವಳ ಮನೆ ನಮ್ಮ ಮನೆಯಿಂದ ನಾಲ್ಕನೆಯದು.

ಮರುದಿನ, ಶುಭ ಶುಕ್ರವಾರ, ಬೆಳಗಿನ ಶಿಲುಬೆ ಹಾದಿಯ ಪ್ರಾರ್ಥನೆ ಮುಗಿಸಿಕೊಂಡು ಅಲ್ಲಿಗೆ ಹೋದೆ. ಕಾಫಿಗೆ ಎದ್ದವಳು ಉಪವಾಸ ನೆನಪಾಗಿ ಮತ್ತೆ ಕೂತಳು. ಆಸ್ಪತ್ರೆಯ ಆ ಕೊನೆಯ ಹನ್ನೊಂದು ದಿನಗಳನ್ನು ಒಂದೂ ಬಿಡದೆ ಹೇಳಿದಳು. ನಾನು ಕೇಳುತ್ತಾ ಕೂತೆ. ಎರಡೂವರೆಗೆ ಅವಳೇ ಎದ್ದು ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬೀಗ ಹಾಕಿದಳು. ಮೂರು ಗಂಟೆಯ ಪ್ರಾರ್ಥನೆಗೆ ಇಬ್ಬರೂ ಒಟ್ಟಿಗೇ ನಡೆದು ಹೋದೆವು.