ಆರು ರೂಪಾಯಿಗೆ ಚಿಲ್ಲರೆ ಇದೆಯಾ?

ಬೆಂಗಳೂರಿನಲ್ಲಿ ದರ ನಿಗದಿ ಮಾಡುವವರ ಜೇಬಿನಲ್ಲಿ ಯಾವತ್ತೂ ಚಿಲ್ಲರೆ ಇರುವುದಿಲ್ಲ ಅನ್ನುವುದು ನನ್ನ ಬಲವಾದ ಅನುಮಾನ. ಇದ್ದಿದ್ದರೆ ಸಿಟಿ ಬಸ್ಸಿನ ಮಿನಿಮಮ್ ಚಾರ್ಜನ್ನು ಆರು ರೂಪಾಯಿ ಮಾಡುತ್ತಿರಲಿಲ್ಲ. 2025ರ ಜನವರಿ 5ರಿಂದ ಬಿಎಂಟಿಸಿ ದರ ಶೇ. 15ರಷ್ಟು ಏರಿತಲ್ಲ, ಆಗ ಐದು ಇದ್ದದ್ದು ಆರಾಯಿತು, ಹತ್ತು ಇದ್ದದ್ದು ಹನ್ನೆರಡಾಯಿತು. ನಾನು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಐದಕ್ಕೆ ಶೇ. 15 ಅಂದರೆ ಮುಕ್ಕಾಲು ರೂಪಾಯಿ, ಐದೂ ಮುಕ್ಕಾಲನ್ನು ರೌಂಡ್ ಆಫ್ ಮಾಡಿದರೆ ಆರು. ಲೆಕ್ಕವೇನೋ ಸರಿಯಾಗಿದೆ. ಆದರೆ ಬೆಳಗಿನ ರಷ್ಷಿನಲ್ಲಿ ಆ ಆರನೇ ರೂಪಾಯಿಯನ್ನು ಹುಡುಕುವವರು ಯಾರು ಸ್ವಾಮಿ?

ಅದೇ ವರ್ಷ ಆಗಸ್ಟ್ 1ರಿಂದ ಆಟೋ ಮಿನಿಮಮ್ಮೂ ಮೂವತ್ತರಿಂದ ಮೂವತ್ತಾರಕ್ಕೆ ಏರಿತು. ಇಲ್ಲೂ ಆರು! ಆಟೋದಲ್ಲಿ ಮಾತ್ರ ಇದರಿಂದ ಯಾರಿಗೂ ತೊಂದರೆಯಾದ ಹಾಗೆ ಕಾಣೆ. ಮೀಟರ್ ಹಾಕಿದರೆ ತಾನೇ ಮೂವತ್ತಾರು? "ಗಾಂಧಿ ಬಜಾರಾ? ಎಂಬತ್ತು ಕೊಡಿ ಮೇಡಂ" ಅನ್ನುತ್ತಾರೆ. ಎಷ್ಟು ದುಂಡಗಿನ ಅಂಕಿ ನೋಡಿ.

ನನಗಂತೂ 2023ರ ಜೂನ್ 11ರಿಂದ ಬಸ್ಸಿನಲ್ಲಿ ಈ ಚಿಂತೆ ಇಲ್ಲ. ಶಕ್ತಿ ಯೋಜನೆ ಪುಣ್ಯದಿಂದ ಆಧಾರ್ ತೋರಿಸಿದರೆ ಸೊನ್ನೆ ಟಿಕೆಟ್. ಪಾಡೆಲ್ಲ ನಮ್ಮನೆಯವರದ್ದು. ನಾವಿಬ್ಬರೂ ಒಟ್ಟಿಗೆ ಹತ್ತಿದರೂ ಹನ್ನೆರಡು ರೂಪಾಯಿಯ ಟಿಕೆಟ್ಟಿಗೆ ನೂರರ ನೋಟು ಹಿಡಿದು ಬೈಸಿಕೊಳ್ಳುವವರು ಅವರೊಬ್ಬರೇ. "ಎಲ್ಲಾರೂ ಬೆಳಿಗ್ಗೆ ಬೆಳಿಗ್ಗೆನೇ ನೂರು ತಂದ್ರೆ ನಾನೇನ್ ಮನೇಲಿ ಪ್ರಿಂಟ್ ಹಾಕ್ತೀನಾ ಸಾರ್?" ಅಂತ ಕಂಡಕ್ಟರ್ ಕೇಳುವಾಗ ನಾನು ಮುಂದಿನ ಸೀಟಿನಲ್ಲಿ ಕೂತು, ಈ ಮನುಷ್ಯ ಯಾರೋ ಏನೋ ಅನ್ನುವ ಹಾಗೆ ಕಿಟಕಿಯಾಚೆ ನೋಡುತ್ತಿರುತ್ತೇನೆ.

ಮೊದಲಾದರೆ ಟಿಕೆಟ್ಟಿನ ಬೆನ್ನ ಮೇಲೆ ಬಾಕಿ ಎಷ್ಟೆಂದು ಗೀಚಿ, "ಇಳಿಯುವಾಗ ತಗೊಳ್ಳಿ" ಅನ್ನುತ್ತಿದ್ದರು. ಆಮೇಲೆ ಪ್ರಯಾಣ ಪೂರ್ತಿ ನಮ್ಮ ಕಣ್ಣು ಕಂಡಕ್ಟರ್ ಮೇಲೆಯೇ. ಅವರು ಮುಂದೆ ಹೋದರೆ ನಾವೂ ಮುಂದೆ, ಹಿಂದೆ ಬಂದರೆ ಹಿಂದೆ. ಈಗ ಅವರು ಕುತ್ತಿಗೆಯಲ್ಲಿರುವ ಕ್ಯೂಆರ್ ಕೋಡನ್ನು ಮುಂದೆ ಹಿಡಿಯುತ್ತಾರೆ. ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ಬ್ರೇಕ್ ಹಾಕಿದಾಗಲೆಲ್ಲ ಮುಂದಿನವರ ಬೆನ್ನನ್ನೇ ಸ್ಕ್ಯಾನ್ ಮಾಡಿ, ಪಿನ್ ಒತ್ತಿದರೆ ಆ ಚಕ್ರ ತಿರುಗುತ್ತದೆ, ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಸ್ಟಾಪ್ ಬಂತು. "ಹೋಯ್ತಾ ಸಾರ್? ತೋರ್ಸಿ, ಟಿಕ್ ಬಂತಾ?" ಅಂತ ಕಂಡಕ್ಟರೇ ಬಾಗಿಲ ತನಕ ಬೆನ್ನು ಹತ್ತುತ್ತಾರೆ. ಹಳೇ ಬಾಕಿ ತೀರಿದ್ದು ನೋಡಿ ಯಾಕೋ ಒಳಗೊಳಗೇ ಖುಷಿ.

ಹೊಸ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಕಂಡಕ್ಟರ್‌ಗಳ ಹತ್ತಿರ ಇನ್ನೊಂದು ಅಸ್ತ್ರವಿತ್ತು: ಜಂಟಿ ಚಿಲ್ಲರೆ. ನಾನು ಕೆಲಸಕ್ಕೆ ಸೇರಿದ ಹೊಸತು, ತಿಪಟೂರಿನಿಂದ ಬಂದು ಇನ್ನೂ ಮೆಜೆಸ್ಟಿಕ್ಕಿನ ಪ್ಲಾಟ್‌ಫಾರ್ಮುಗಳು ತಲೆಗೆ ಹತ್ತಿರಲಿಲ್ಲ. ನನಗೆ ಇಪ್ಪತ್ತು ಬರಬೇಕಿತ್ತು, ಪಕ್ಕದ ಅಜ್ಜಿಗೆ ಮೂವತ್ತು. ಕಂಡಕ್ಟರ್ ಐವತ್ತರ ಒಂದೇ ನೋಟನ್ನು ಅಜ್ಜಿಯ ಕೈಗಿಟ್ಟು, "ಇಬ್ರೂ ಇಳಿದು ಹಂಚ್ಕೊಳ್ರಮ್ಮಾ, ರೈಟ್ ರೈಟ್" ಅಂದುಬಿಟ್ಟರು. ಬಸ್ಸು ಹೋಯಿತು. ಗುರುತಿಲ್ಲ ಪರಿಚಯವಿಲ್ಲ, ಆ ನೋಟು ಒಡೆಯುವ ತನಕ ಒಬ್ಬರನ್ನೊಬ್ಬರು ಬಿಟ್ಟು ಹೋಗುವ ಹಾಗಿಲ್ಲ. ಎಳನೀರಿನವನನ್ನು ಕೇಳಿದೆವು, ಇಲ್ಲ. ಬೀಡಾ ಅಂಗಡಿಯವನು ತಲೆ ಕೂಡ ಎತ್ತಲಿಲ್ಲ. ಕಡೆಗೆ ಅಜ್ಜಿ ಹೂವಿನವಳ ಹತ್ತಿರ ಒಂದು ಮೊಳ ಕನಕಾಂಬರ ಕಟ್ಟಿಸಿಕೊಂಡು ನೋಟು ಒಡೆಸಿದರು. ಹೂವನ್ನೂ ಎರಡು ತುಂಡು ಮಾಡಿ, "ತಿರುಗು" ಅಂತ ಗದರಿ, ಅರ್ಧ ನನ್ನ ಜಡೆಗೆ ಸಿಕ್ಕಿಸಿ, ಇಪ್ಪತ್ತು ರೂಪಾಯಿ ಎಣಿಸಿ ಕೊಟ್ಟು ಹೊರಟೇಹೋದರು. ನನಗೆ ಬರಬೇಕಾದ ಇಪ್ಪತ್ತು ಪೂರ್ತಿ ಬಂದಿತ್ತು. ಹಾಗಾದರೆ ಆ ಅರ್ಧ ಮೊಳವನ್ನು ಯಾರ ಖಾತೆಗೆ ಖರ್ಚು ಹಾಕುವುದು? ಇವತ್ತಿಗೂ ಅದು ಟ್ಯಾಲಿ ಆಗಿಲ್ಲ.

ಈಗ ಗಾಂಧಿ ಬಜಾರಿನ ಹೂವಿನವರ ಬುಟ್ಟಿಗಳಿಗೂ ಕ್ಯೂಆರ್ ಕೋಡ್ ನೇತುಬಿದ್ದಿದೆ. ನಾನು ದಿನಾ ಹೂ ಕೊಳ್ಳುವ ಅಮ್ಮನ ಕೋಡ್ ಸ್ಕ್ಯಾನ್ ಮಾಡಿದರೆ ಬರುವುದು ಮಗನ ಹೆಸರು. ದುಡ್ಡು ಅವನ ಖಾತೆಗೆ ಬೀಳುತ್ತದೆ. ಬೆಳಗಿನ ಜಾವ ಮಾರ್ಕೆಟ್ಟಿಗೆ ಹೋಗಿ ಹೂ ತರುವವಳು ಈಕೆ, ಕಟ್ಟುವವಳು ಈಕೆ, ಬಿಸಿಲಲ್ಲಿ ಕೂತು ನೀರು ಚಿಮುಕಿಸುವವಳೂ ಈಕೆ; ಟಿಂಗ್ ಅನ್ನುವುದು ಮಾತ್ರ ಅವನ ಫೋನ್. ಸಂಜೆ ಒಂದು ಟೀ ಕುಡಿಯಬೇಕೆಂದರೂ ಕೈಯಲ್ಲಿ ಕಾಸಿರುವುದಿಲ್ಲ. ಹಾಗಾಗಿ ನಾನು ಫೋನ್ ತೆಗೆದರೆ ಆಕೆ ಬುಟ್ಟಿಯ ಕಡೆ ನೋಡಿಕೊಂಡೇ, "ನೋಟಿದ್ರೆ ನೋಟೇ ಕೊಡವ್ವಾ" ಅನ್ನುತ್ತಾಳೆ. ಡಿಜಿಟಲ್ ವ್ಯವಹಾರದ ಬಗ್ಗೆ ನಮ್ಮ ಆಫೀಸಿನಲ್ಲಿ ಎಷ್ಟೋ ಮಾತು ಕೇಳಿದ್ದೇನೆ, ಯಾರೂ ಈ ವಿಷಯ ಎತ್ತಿದ್ದಿಲ್ಲ. ಆಕೆಗಾಗಿಯೇ ಪರ್ಸಿನ ಸೈಡ್ ಜಿಪ್ಪಿನಲ್ಲಿ ಇಪ್ಪತ್ತರ ನೋಟುಗಳನ್ನು ಇಟ್ಟುಕೊಂಡಿರುತ್ತೇನೆ.

ಸಿಗ್ನಲ್ಲಿನಲ್ಲಿ ಕೈಚಾಚುವವರಿಗೆ ತಲೆತಲಾಂತರದಿಂದ ಹೇಳಿಕೊಂಡು ಬಂದ ಸುಳ್ಳು "ಚಿಲ್ಲರೆ ಇಲ್ಲಪ್ಪಾ, ಮುಂದೆ ಹೋಗು" ಅನ್ನುವುದು. ಈಗ ಅದು ಅಪ್ಪಟ ಸತ್ಯ. ಆದರೂ ಹೇಳುವಾಗ ಹಳೇ ಸುಳ್ಳಿನ ಮುಖವೇ ಬರುತ್ತದೆ, ಕೇಳುವವರೂ ಹಾಗೇ ನೋಡುತ್ತಾರೆ.

2025ರ ಜುಲೈ ನೆನಪಿರಬೇಕು. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಹೋಗಿ ಗಲಾಟೆಯಾಯಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಆಗಬೇಕು ಅನ್ನುವುದು ನಿಯಮ. ನಮ್ಮ ಬೀದಿಯ ಬೇಕರಿ ಅಣ್ಣನಿಗೆ ನೋಟಿಸ್ ಬರಲಿಲ್ಲ, ಬರೀ ಭಯ ಬಂತು. ಮರುದಿನವೇ ಕ್ಯೂಆರ್ ಸ್ಟಿಕ್ಕರ್ ಮೇಲೆ ಬಿಳಿ ಹಾಳೆ ಅಂಟಿಸಿ "ನೋ ಯುಪಿಐ, ಕ್ಯಾಶ್ ಮಾತ್ರ" ಅಂತ ಬರೆದ. "ಮೇಡಂ, ನೀವು ಆಡಿಟರ್ ಹತ್ರ ಇದೀರಲ್ಲ, ಆಲೂ ಬನ್ ಸರಕೋ ಸೇವೆಯೋ?" ಅಂತ ಕೇಳಿದಾಗ ನಾನು ಬನ್ ಬಾಯಲ್ಲಿಟ್ಟುಕೊಂಡಿದ್ದೆ, ಉತ್ತರ ಕೊಡುವುದು ತಪ್ಪಿತು.

ಕ್ಯಾಶ್ ಮಾತ್ರ ಅಂದ ಮೇಲೆ ಚಿಲ್ಲರೆ ಬೇಕಲ್ಲ? ನಮ್ಮ ಅತ್ತೆಯ ಹತ್ತಿರ ಹಾರ್ಲಿಕ್ಸ್ ಬಾಟಲಿ ತುಂಬ ಹತ್ತು ರೂಪಾಯಿ ನಾಣ್ಯಗಳಿವೆ. ಅವು ಸೇರಿದ್ದಕ್ಕೆ ಕಾರಣ ಇದೇ ಬೇಕರಿ ಅಣ್ಣ. ಹತ್ತರ ಹದಿನಾಲ್ಕು ನಮೂನೆಯ ನಾಣ್ಯಗಳೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕು 2018ರಲ್ಲೇ ಹೇಳಿದ್ದರೂ ಈತ ಮಾತ್ರ "ಇದು ನಡಿಯಲ್ಲ ಅಮ್ಮಾ" ಅಂತ ವಾಪಸ್ ಕೊಡುತ್ತಿದ್ದ. ಈಗ ಅವನೇ ಗೇಟಿನ ಹತ್ತಿರ ನಿಂತು, "ಅಮ್ಮಾ, ಐನೂರು ರೂಪಾಯಿಗೆ ಕಾಯಿನ್ ಕೊಡ್ತೀರಾ?" ಅಂದ.

ಅತ್ತೆ ಬಾಟಲಿ ತಂದರು. ಕಟ್ಟೆ ಮೇಲೆ ಹತ್ತತ್ತರ ಐದು ಗುಡ್ಡೆ ಮಾಡಿದರು. ಒಂದು ನಾಣ್ಯ ಎತ್ತಿ ಅವನ ಮುಖದ ಮುಂದೆ ಹಿಡಿದು, "ಇದು ನಡಿಯುತ್ತೇನಪ್ಪಾ?" ಅಂದರು.

"ನಡಿಯುತ್ತಮ್ಮಾ."

"ಇದು?"

"ಅದೂ ನಡಿಯುತ್ತಮ್ಮಾ."

ಐವತ್ತೂ ನಾಣ್ಯಗಳಿಗೆ ಕೇಳುವವರೇ ಇದ್ದರು, ಕುಕ್ಕರ್ ಕೂಗಿ ಅವನನ್ನು ಉಳಿಸಿತು. ಐನೂರರ ನೋಟಿನ ಜೊತೆ ಒಂದು ಪ್ಯಾಕೆಟ್ ಖಾರ ಬಿಸ್ಕತ್ತನ್ನೂ ಅತ್ತೆ ವಸೂಲು ಮಾಡಿದರು. ಅದನ್ನು ಕಮಿಷನ್ ಅನ್ನಬೇಕೋ ದಂಡ ಅನ್ನಬೇಕೋ ಅಂತ ನಾನು ಯೋಚಿಸುವಷ್ಟರಲ್ಲಿ ನಮ್ಮನೆಯವರು ಪ್ಯಾಕೆಟ್ ಒಡೆದು ಅರ್ಧ ಖಾಲಿ ಮಾಡಿದ್ದರು.