ಎಳ್ಳಮಾಸಿಗೆ ಊರಿಗೆ ಬಂದವರು: ನಮ್ಮ ಹಾಜರಿ ಪುಸ್ತಕದ ಎಂಟು ತಿಂಗಳು

ಮೇ 2, 2025

ಚಿತ್ತಾಪುರ ತಾಲ್ಲೂಕಿನ ನಮ್ಮೂರಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಪ್ರಿಂಟ್, ಪಹಣಿ, ಆನ್‌ಲೈನ್ ಅರ್ಜಿ, ಇಷ್ಟೇ ಕೆಲಸ. ಇವತ್ತು ಎಸ್‌ಎಸ್‌ಎಲ್‌ಸಿ ರಿಸಲ್ಟ್. ಮಧ್ಯಾಹ್ನದಿಂದ ಅಂಗಡಿ ಮುಂದೆ ಹುಡುಗರ ಗುಂಪು. ಕಲಬುರಗಿ ಜಿಲ್ಲೆ ಇಡೀ ರಾಜ್ಯಕ್ಕೆ ಕೊನೆ, ಶೇ 42.43. ಟಿವಿಯವರು ಅದನ್ನೇ ತಿರುಗಿಸಿ ತಿರುಗಿಸಿ ಹೇಳುತ್ತಿದ್ದರು.

ನನಗೆ ನೆನಪಲ್ಲಿ ಉಳಿದದ್ದು ಒಬ್ಬ ಹುಡುಗಿ. ಪ್ರಿಂಟ್ ಕೈಗೆ ತಗೊಂಡಳು. ಮಡಚಿದಳು, ಮತ್ತೆ ಮಡಚಿದಳು. ಬೆಂಕಿಪೊಟ್ಟಣಕ್ಕಿಂತ ಸಣ್ಣದು ಮಾಡಿ ಮುಷ್ಟಿಯೊಳಗೆ ಇಟ್ಟುಕೊಂಡಳು. ಗಣಿತ, ಇಂಗ್ಲಿಷ್ ಎರಡೂ ಹೋಗಿದ್ದವು. "ಪರೀಕ್ಷೆ-2 ಇದೆಯಲ್ಲಮ್ಮ, ಇದೇ ತಿಂಗಳು 26ಕ್ಕೆ ಶುರು" ಅಂದೆ. "ಹಂಗಂದ್ರೇನ್ರಿ ಅಕ್ಕಾ?" ಅಂದಳು. 2024, 2025ರಲ್ಲಿ ವರ್ಷಕ್ಕೆ ಮೂರು ಸಲ ಪರೀಕ್ಷೆ ಬರೆಯಬಹುದಿತ್ತು. ಅದು ಇವಳ ಕಿವಿಗೆ ಬಿದ್ದಿರಲಿಲ್ಲ. ಅವಳನ್ನು ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದೆ. ರಾತ್ರಿ ನಿದ್ದೆ ಬರಲಿಲ್ಲ. ಇನ್ನೆಷ್ಟು ಮಂದಿ ಹಿಂಗೆ ಮುಷ್ಟಿ ಬಿಗಿ ಹಿಡಿದು ಮನೆಗೆ ಹೋಗಿರಬೇಕು?

ಜೂನ್, ಎರಡನೇ ವಾರ

ಸಂಜೆ ಪಾಠ ಶುರು ಮಾಡಿದೆವು. ನನ್ನ ಗೆಳತಿ ಬಿಎಸ್ಸಿ ಓದಿದವಳು, ಗಣಿತ ಅವಳಿಗೆ. ಕನ್ನಡ, ಸಮಾಜ ನನಗೆ. ಜಾಗ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಮೊದಲಿನ ಗ್ರಂಥಾಲಯ. ಸಂಜೆ ಆರರಿಂದ ಎಂಟು. ಹೈಸ್ಕೂಲಿನ ಹೆಡ್ ಮಾಸ್ತರರು, ಸಾಲಿ ಬಿಡಬಹುದು ಅಂತ ಅವರಿಗೆ ಅನಿಸಿದ 22 ಮಕ್ಕಳ ಹೆಸರು ಕೊಟ್ಟರು. ಒಂಬತ್ತನೇ ಕ್ಲಾಸಿನವರು 14, ಹತ್ತನೇ ಕ್ಲಾಸಿನವರು 8.

ಹತ್ತನೆಯವರೇ ಜಾಸ್ತಿ ಇರುತ್ತಾರೆ ಅಂದುಕೊಂಡಿದ್ದೆ. ಮಾಸ್ತರರು ಹೇಳಿದ ಮೇಲೆ ತಿಳಿಯಿತು. ಕಡ್ಡಾಯ ಶಿಕ್ಷಣದ ಕಾಯ್ದೆ ಇರುವುದು 6ರಿಂದ 14 ವರ್ಷದ ಮಕ್ಕಳಿಗೆ. ಎಂಟನೇ ಕ್ಲಾಸು ಮುಗಿಯುವಾಗ ಹುಡುಗನಿಗೆ 14 ತುಂಬಿರುತ್ತದೆ. ಅಲ್ಲಿಗೆ ಕಾಯ್ದೆಯ ಆಸರೆ ಮುಗಿಯಿತು. ಅದೇ ವಯಸ್ಸಿಗೆ ಮನೆಯಲ್ಲೂ ಅವನನ್ನು ದುಡಿಯುವವರ ಲೆಕ್ಕಕ್ಕೆ ಸೇರಿಸುತ್ತಾರೆ. ಹತ್ತಕ್ಕೆ ಬಂದವರ ಮೇಲೆ ರಿಸಲ್ಟಿನ ಸಲುವಾಗಿ ಎಲ್ಲರ ಕಣ್ಣು ಇರುತ್ತದೆ. ಒಂಬತ್ತರವರನ್ನು ನೋಡುವವರು ಕಡಿಮೆ.

ಒಂದು ಉದ್ದ ರೂಲ್ಡ್ ಪುಸ್ತಕ ಹಾಕಿದೆ. ಅದರಲ್ಲಿ ಹೆಸರಿಲ್ಲ, ನಂಬರ್ ಮಾತ್ರ. ದಿನಾ ಸಂಜೆ ಶಾಲೆಯಿಂದ ವಾಟ್ಸಾಪಲ್ಲಿ ಗೈರುಹಾಜರಿ ಬರುತ್ತದೆ. ಸತತ ಮೂರು ದಿನ ಕೆಂಪು ಗುರುತು ಬಿದ್ದರೆ ಅವತ್ತೇ ಸಂಜೆ ಮನೆಗೆ ಹೋಗುವುದು. ನಿಯಮ ಅದೊಂದೇ.

ಆಗಸ್ಟ್

ಆ ನಿಯಮವನ್ನೇ ತಪ್ಪಾಗಿ ನಡೆಸಿದೆ. 17ನೇ ನಂಬರಿನ ಹುಡುಗ ನಾಲ್ಕು ದಿನ ಬಂದಿರಲಿಲ್ಲ. ನಾನು, ಗೆಳತಿ, ಇಬ್ಬರು ಮಾಸ್ತರರು, ಪಂಚಾಯಿತಿ ಸದಸ್ಯರು, ಐದೂ ಮಂದಿ ಅವರ ಮನೆ ಮುಂದೆ ನಿಂತೆವು. ಓಣಿಯವರೆಲ್ಲ ಸೇರಿದರು. ಹುಡುಗ ಹಿತ್ತಲಿನಿಂದ ಓಡಿಹೋದ. ಅವನವ್ವ ಸೆರಗು ಬಾಯಿಗೆ ಹಚ್ಚಿಕೊಂಡು ತಲೆ ತಗ್ಗಿಸಿ ನಿಂತುಬಿಟ್ಟಳು. ಪೊಲೀಸರು ಬಂದ ಹಾಗೆ ಹೋಗಿದ್ದೆವು. ಆಮೇಲೆ ಹತ್ತು ದಿನ ಅವನು ನಮ್ಮ ಅಂಗಡಿ ಮುಂದೆ ಹಾಯಲಿಲ್ಲ.

ಈಗ ಒಬ್ಬಳೇ ಹೋಗುತ್ತೇನೆ. ಕೈಯಲ್ಲಿ ಪುಸ್ತಕ ಇರುವುದಿಲ್ಲ. ಅಡುಗೆಮನೆ ಬಾಗಿಲಲ್ಲಿ ಕೂತು ಮೊದಲು ಅವ್ವನ ಜೊತೆ ಮಾತು.

ಜುಲೈನದು ಇಲ್ಲಿ ಬರೆದಿಡಬೇಕು. ಪ್ರಿಂಟ್ ಮಡಚಿದ್ದ ಹುಡುಗಿ ಪರೀಕ್ಷೆ-2ರಲ್ಲಿ ಇಂಗ್ಲಿಷ್, ಪರೀಕ್ಷೆ-3ರಲ್ಲಿ ಗಣಿತ ಪಾಸು ಮಾಡಿದಳು! ಈಗ ಪಿಯುಸಿ ಓದುತ್ತಿದ್ದಾಳೆ.

ಅಕ್ಟೋಬರ್, ದೀಪಾವಳಿ ಆದ ಮೇಲೆ

ಈ ಸಲ ಆಗಸ್ಟ್, ಸೆಪ್ಟೆಂಬರಿನ ಮಳೆ ನಮ್ಮ ಜಿಲ್ಲೆಯನ್ನು ಮುಳುಗಿಸಿತು. ಕಾಗಿಣಾ, ಭೀಮಾ ತುಂಬಿ ಹರಿದವು. ಹೆಸರು, ಉದ್ದು ಹೊಲದಲ್ಲೇ ಕೊಳೆತವು. ತೊಗರಿ, ಹತ್ತಿ ನೀರಲ್ಲಿ ನಿಂತವು. ಬೇರೆ ವರ್ಷ ಹತ್ತಿ ಬಿಡಿಸಿ, ತೊಗರಿ ರಾಶಿ ಮಾಡಿ ಆಮೇಲೆ ಗುಳೆ ಹೋಗುತ್ತಿದ್ದ ಮಂದಿ ಈ ಸಲ ದೀಪಾವಳಿಗೇ ಗಂಟುಮೂಟೆ ಕಟ್ಟಿದರು.

ಅದು ನನಗೆ ಅಂಗಡಿಯಲ್ಲೇ ಗೊತ್ತಾಗುತ್ತದೆ. "ಅಕ್ಕಾ, ಆಧಾರದ್ದು ಎರಡು ಝೆರಾಕ್ಸ್" ಅಂತಾರೆ. ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿಗೆ ಕೊಡಲಿಕ್ಕೆ. ಅಪ್ಪಂದು, ಅವ್ವಂದು, ಆಮೇಲೆ ಮಗಂದು. ಆ ಮೂರನೇ ಕಾರ್ಡು ಗಾಜಿನ ಮೇಲೆ ಇಡುವಾಗ ಕೈ ತಡೆಯುತ್ತದೆ. 17ರ ಅವ್ವನೂ ಬಂದಳು. "ಅವರಪ್ಪ ಒಬ್ಬನೇ ದುಡಿದ್ರ ಬೀಜ ಗೊಬ್ಬರದ ಸಾಲ ತೀರಲ್ರಿ ಅಕ್ಕಾ. ಹೈದರಾಬಾದದಾಗ ಸೆಂಟ್ರಿಂಗ್ ಕೆಲಸ ಅದ." ಬೇಡ ಅನ್ನಲು ನನ್ನ ಹತ್ತಿರ ಏನಿದೆ? ಒಂದೇ ಮಾತು ಕೇಳಿಕೊಂಡೆ. "ಟಿಸಿ ಮಾತ್ರ ತೆಗೆಸಬ್ಯಾಡ್ರಿ. ಹೆಸರು ಸಾಲಿಯಾಗೇ ಇರಲಿ." ತಲೆ ಅಲ್ಲಾಡಿಸಿದಳು. ಮರುದಿನ ಚಿತ್ತಾಪುರ ಸ್ಟೇಷನ್ನಲ್ಲಿ ರೈಲು ಹತ್ತಿದರು.

ನವೆಂಬರ್

22ರಲ್ಲಿ 7 ಮಂದಿ ಹೋದರು. ಇಬ್ಬರನ್ನು ಅಜ್ಜಿಯರ ಹತ್ತಿರ ಬಿಟ್ಟು ಹೋಗುವಂತೆ ಒಪ್ಪಿಸಿದೆವು, ಇಲ್ಲದಿದ್ದರೆ 9 ಆಗುತ್ತಿತ್ತು. ಗುಳೆ ಹೋಗುವವರ ಮಕ್ಕಳಿಗೆ ಹಂಗಾಮಿ ಹಾಸ್ಟೆಲ್ ನಡೆಸಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶ ಇದೆ. ನಮ್ಮ ಕಡೆಯೂ ಒಂದು ಬೇಕು ಅಂತ ಅರ್ಜಿ ಬರೆದು ಕೊಟ್ಟಿದ್ದೇವೆ.

6ನೇ ನಂಬರ್ ಹತ್ತನೇ ಕ್ಲಾಸು. ಶಹಾಬಾದ ಕಲ್ಲಿನ ಖಣಿಗೆ ವಾರದಲ್ಲಿ ಮೂರು ದಿನ ಹೋಗುತ್ತಿದ್ದ. ಖಣಿಯಲ್ಲಿ 18 ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಹಾಗೇ ಇಲ್ಲ. ಅವನ ಕಾಕಾನಿಗೆ ಅದನ್ನು ಹೇಳಿದೆ. ಹೋಗುವುದು ನಿಂತಿದೆ.

21ನೇ ನಂಬರ್ ಹುಡುಗಿಯನ್ನು ನೋಡಲು ಗಂಡಿನವರು ಬಂದಿದ್ದರಂತೆ. 18ರೊಳಗಿನ ಮದುವೆ ಕರ್ನಾಟಕದಲ್ಲಿ ಮದುವೆ ಅಂತಲೇ ನಿಲ್ಲುವುದಿಲ್ಲ ಅಂತ ಅವರ ಮನೆಯಲ್ಲಿ ಕೂತು ಹೇಳಿಬಂದೆ. ಹುಡುಗಿಗೆ ಮಕ್ಕಳ ಸಹಾಯವಾಣಿ 1098 ನಂಬರ್ ಬಾಯಿಪಾಠ ಮಾಡಿಸಿದೆ. ಅವರಪ್ಪ "ಹತ್ತನೇದು ಪಾಸಾಗ್ಲಿ ಮೊದ್ಲು" ಅಂದಿದ್ದಾರೆ. ಸದ್ಯಕ್ಕೆ ಅಷ್ಟು ಸಾಕು.

ಡಿಸೆಂಬರ್ 21

ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ.

19ಕ್ಕೆ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ಇತ್ತು. ನಮ್ಮ ಕಡೆ ಯುಗಾದಿಗೆ ಬರದವರೂ ಎಳ್ಳಮಾಸಿಗೆ ಬರುತ್ತಾರೆ. ಸಜ್ಜಿ ರೊಟ್ಟಿ, ಭಜ್ಜಿ, ಕಡುಬು ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ (ಭೂಮಿತಾಯಿಗೆ ಎಡೆ) ಚೆಲ್ಲದಿದ್ದರೆ ಮನಸ್ಸಿಗೆ ಸಮಾಧಾನ ಆಗದು. ಹೋದ ಏಳು ಕುಟುಂಬಗಳಲ್ಲಿ ಐದು ಊರಿಗೆ ಬಂದಿದ್ದವು. ಗೆಳತಿ ಮೊದಲೇ ಹೇಳಿದ್ದಳು, ಹಿಡಿದರೆ ಈ ನಾಲ್ಕು ದಿನದಲ್ಲೇ ಹಿಡಿಯಬೇಕು ಅಂತ.

17ರ ಹೊಲಕ್ಕೆ ಊಟಕ್ಕೆ ಕರೆದಿದ್ದರು. ಹುಡುಗ ಎರಡು ತಿಂಗಳಲ್ಲಿ ಎತ್ತರ ಆಗಿದ್ದಾನೆ. ಬೆರಳ ಸಂದಿಯಲ್ಲಿ ಸಿಮೆಂಟ್ ತಿಂದ ಬಿಳಿ ಬಿರುಕು. ಸಾಲ ಅರ್ಧ ತೀರಿದೆ, ಇನ್ನು ಅವನಪ್ಪ ಒಬ್ಬನೇ ಹೋಗುತ್ತಾನಂತೆ. ಹಾಗಾದರೆ ಸಾಲಿಗೆ ಬಾರಪ್ಪ ಅಂದೆ. ಬಹಳ ಹೊತ್ತು ಮಣ್ಣು ಕೆದಕುತ್ತ ಕೂತ. "ನಾಚಿಕಿ ಆಗ್ತದ್ರಿ ಅಕ್ಕಾ. ಇಷ್ಟ್ ದಿನ ಎಲ್ಲಿದ್ದಿ ಅಂತ ಎಲ್ಲಾರ ಮುಂದ ನಿಂದ್ರಿಸಿ ಕೇಳ್ತಾರ. ಪಾಠನೂ ಮುಂದ ಹೋಗ್ಯಾವ."

ಆರು ತಿಂಗಳು ನಾನು ಹೋಗುವವರನ್ನು ತಡೆಯುವುದರಲ್ಲೇ ಇದ್ದೆ. ಹೋಗುವುದಕ್ಕೆ ಸಾಲ, ಮಳೆ, ಮೇಸ್ತ್ರಿಯ ಮುಂಗಡ ಎಲ್ಲ ಕಾರಣ ಇದ್ದವು, ಅವು ನನ್ನ ಕೈಯಲ್ಲಿರಲಿಲ್ಲ. ವಾಪಸ್ ಬರುವುದಕ್ಕೆ ಅಡ್ಡ ಇದ್ದದ್ದು ಆ ಒಂದು ಪ್ರಶ್ನೆ. ಅದನ್ನು ಕೇಳದೆ ಇರುವುದು ನಮ್ಮ ಕೈಯಲ್ಲಿತ್ತು, ಅಲ್ವಾ?

ಅವತ್ತೇ ಸಂಜೆ ಹೆಡ್ ಮಾಸ್ತರರ ಮನೆಗೆ ಹೋದೆ. ಹೆಸರು ಇನ್ನೂ ಹಾಜರಿಯಲ್ಲಿತ್ತು, ಟಿಸಿ ತೆಗೆಸಿರಲಿಲ್ಲ. ಅವರು ಮಾತು ಕೊಟ್ಟರು. ಬಂದವರನ್ನು ಯಾರೂ ಏನೂ ಕೇಳುವುದಿಲ್ಲ, ನಿನ್ನೆ ಬಂದವನು ಇವತ್ತೂ ಬಂದ ಹಾಗೆ ಹಾಜರಿ ಕೂಗುತ್ತಾರೆ. ಮೊದಲ ಎರಡು ವಾರ ವಾಪಸ್ ಬಂದ ಮಕ್ಕಳು ಸಂಜೆ ನಮ್ಮಲ್ಲಿ ಅರ್ಧ ಗಂಟೆ ಮೊದಲು ಕೂತು ಬಿಟ್ಟುಹೋದ ಪಾಠ ನೋಡುತ್ತಾರೆ.

ಜನವರಿ 2026, ಎರಡನೇ ವಾರ

ಐದರಲ್ಲಿ ಮೂವರು ಬಂದರು. ಪುಸ್ತಕದಲ್ಲಿ ಈಗ 18. ಇನ್ನಿಬ್ಬರು ಹಬ್ಬ ಮುಗಿಸಿ ಮತ್ತೆ ರೈಲು ಹತ್ತಿದರು, ಅವರ ನಂಬರ್ ಫೋನಲ್ಲಿದೆ. ಭಾನುವಾರ ಮಾತಾಡಿಸುತ್ತೇನೆ. ಪಾಠದ ಮಾತು ಎತ್ತುವುದಿಲ್ಲ.

ಸೋಮವಾರ ಗೆಳತಿ ಲಂಬಕೋನ ತ್ರಿಭುಜ ಹೇಳಿಕೊಡುತ್ತಿದ್ದಳು. 17 ಎದ್ದು ನಿಂತು ಹುರಿ ಕೇಳಿದ. ಅರಿವು ಕೇಂದ್ರದ ಮೂಲೆಯಿಂದ ಒಂದು ಗೋಡೆಗೆ ಮೂರು ಅಡಿ, ಇನ್ನೊಂದಕ್ಕೆ ನಾಲ್ಕು ಅಡಿ ಅಳೆದು ಸೀಮೆಸುಣ್ಣದಿಂದ ಗುರುತು ಮಾಡಿದ. ಎರಡರ ನಡುವೆ ಹುರಿ ಎಳೆದು ಟೇಪು ಹಿಡಿದ. "ಇದು ಐದು ಬಂದ್ರ ಮೂಲಿ ಸರಿ ಅದ ಅಂತ ಮೇಸ್ತ್ರಿ ಹೇಳ್ತಾನ್ರಿ." ಐದಕ್ಕೆ ಎರಡು ಇಂಚು ಜಾಸ್ತಿ ಬಂತು. "ಈ ಗೋಡಿ ಸೊಟ್ಟ ಅದ" ಅಂದ. ಎಲ್ಲರೂ ಎದ್ದು ಬಂದು ಹುರಿ ಹಿಡಿದರು. ಗೆಳತಿ ಬೋರ್ಡಿನ ಮೇಲೆ 9, 16, 25 ಬರೆದು ಅವನ ಕೈಗೇ ಸೀಮೆಸುಣ್ಣ ಕೊಟ್ಟಳು.

ಹತ್ತನೆಯವರಿಗೆ ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗಲು ಬೇಕಾದಷ್ಟು ಮುಖ್ಯ ಪಾಠ-ಪ್ರಶ್ನೆಗಳ ಕಟ್ಟು, ಝೆರಾಕ್ಸ್ ಮಾಡಿಟ್ಟಿದ್ದೇನೆ. ಗಣಿತದಲ್ಲಿ ನಕ್ಷೆ ಮತ್ತು ಥೇಲ್ಸ್ ಪ್ರಮೇಯ ಇಬ್ಬರನ್ನು ಬಿಟ್ಟು ಎಲ್ಲರಿಗೂ ಬರುತ್ತವೆ. ಗ್ರಾಫ್ ಹಾಳೆ ಮುಗಿದಿವೆ, ಕಲಬುರಗಿಗೆ ಹೋದಾಗ ತರಬೇಕು.

4ನೇ ನಂಬರಿಗೆ ಇವತ್ತು ಮೂರನೇ ಕೆಂಪು ಗುರುತು ಬಿತ್ತು. ಅಂಗಡಿ ಬೇಗ ಮುಚ್ಚಿ ಅವರ ಮನೆಗೆ ಹೊರಟಿದ್ದೇನೆ.