ಅತ್ತೆಯ ಮಷೀನಿನಲ್ಲಿ ಕೌದಿ

ಹಳೇ ಬಟ್ಟೆಯ ಪದರ ಸೇರಿಸಿ ಹೊಲಿಯುವ ಹೊದಿಕೆ, ಅಂದರೆ ಕೌದಿಯನ್ನು ಮಷೀನಿನಲ್ಲಿ ಹೊಲಿಯಬಾರದು ಅನ್ನುವವರು ನಮ್ಮ ಧಾರವಾಡದ ಕಡೆ ಇನ್ನೂ ಜಾಸ್ತಿ. ಕೌದಿ ಅಂದರೆ ಕೈಹೊಲಿಗೆ, ಹಳೇ ಸೀರೆ, ಮಧ್ಯಾಹ್ನ ಊಟ ಮುಗಿಸಿ ಪಡಸಾಲೆಯಲ್ಲಿ ಕೂತ ಹೆಂಗಸರು, ಅಷ್ಟೇ. ನನಗೇನೂ ಅದರ ಮೇಲೆ ಸಿಟ್ಟಿಲ್ಲ. ಆದರೆ ಟ್ರಂಕಿನಲ್ಲಿದ್ದ ಅತ್ತೆಯವರ ಇಳಕಲ್ ಸೀರೆಗಳು ಮಡಿಕೆ ಮಡಿಕೆಯಲ್ಲೇ ಹರಿಯತೊಡಗಿದ್ದವು. ಮೊದಲೆಲ್ಲ "ಕೌದಿ ಹೊಲಿಸ್ತೀರೇನ್ರೀ" ಅಂತ ಓಣಿಗೆ ಬರುತ್ತಿದ್ದ ಗೋಂಧಳಿ ಸಮುದಾಯದ ಹೆಣ್ಣುಮಕ್ಕಳು ಈಗ ಕಾಣುವುದೇ ಅಪರೂಪ. ನನ್ನ ಕೈಗೆ ಅಷ್ಟು ತಾಳ್ಮೆ ಇಲ್ಲ, ನಾಲ್ಕು ಸಾಲು ಹಾಕುವಷ್ಟರಲ್ಲಿ ಹೆಬ್ಬೆರಳು ನೋಯುತ್ತದೆ. ಮೂಲೆಯಲ್ಲಿ ಅತ್ತೆಯವರ ಕಾಲಲ್ಲಿ ತುಳಿಯುವ ಉಷಾ ಮಷೀನು ನಿಂತಿತ್ತು. ಅದರ ಮೇಲೆ ಕರೆಂಟ್ ಬಿಲ್ಲು, ಹಳೇ ಪೇಪರು, ಇಸ್ತ್ರಿಗೆ ಕೊಡಬೇಕಾದ ಬಟ್ಟೆ. ಹೊಲಿಗೆಗೊಂದು ಬಿಟ್ಟು ಉಳಿದೆಲ್ಲದಕ್ಕೂ ಉಪಯೋಗ ಆಗುತ್ತಿತ್ತು.

ಹುಬ್ಬಳ್ಳಿಯ ದುರ್ಗದಬೈಲಿಗೆ ಹೋದಾಗ ಒಬ್ಬ ರಿಪೇರಿಯವನನ್ನು ಕೇಳಿದೆ. "ಅಕ್ಕಾರ, ಅದನ್ನ ತೂಕಕ್ಕ ಹಾಕ್ರಿ, ಮೋಟರ್ ಇದ್ದದ್ದು ಒಂದು ತಗೋರಿ" ಅಂದ. ಅವನ ಮಾತು ವ್ಯಾಪಾರದ ಮಾತು, ಬಿಡಿ. ಮಷೀನು ಕೆಟ್ಟಿರಲಿಲ್ಲ. ಒಳಗಿನ ಹಳೇ ಎಣ್ಣೆ ಅಂಟಾಗಿ ಕೂತು ಚಕ್ರವನ್ನು ಹಿಡಿದಿತ್ತು. ಅಟ್ಟದ ಮೇಲೆ ಒಂದು ಬಾಟಲಿಯಲ್ಲಿ ಸೀಮೆಎಣ್ಣೆ ಉಳಿದಿತ್ತು (ಈಗ ಅದೂ ಸಿಗುವುದು ಕಷ್ಟ, ಅಲ್ವಾ?). ಎಣ್ಣೆ ಬಿಡುವ ಪ್ರತಿಯೊಂದು ತೂತಿಗೂ ಒಂದೊಂದು ಹನಿ ಬಿಟ್ಟು ರಾತ್ರಿಯಿಡೀ ಹಾಗೇ ಬಿಟ್ಟೆ. ಬೆಳಿಗ್ಗೆ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಆಡಿಸಿದರೆ ಕಂದು ಬಣ್ಣದ ಜಿಡ್ಡು ಹೊರಗೆ ಬಂತು. ಒರೆಸಿ ಮಷೀನ್ ಎಣ್ಣೆ ಹಾಕಿದೆ. ಸೂಜಿ ಇಳಿಯುವ ಪ್ಲೇಟನ್ನು ಬಿಚ್ಚಿದಾಗ ಬಟ್ಟೆ ಸರಿಸುವ ಹಲ್ಲುಗಳ ಸಂದಿನಲ್ಲಿ ದಾರದ ನಾರು ಗಟ್ಟಿಯಾಗಿ ಕೂತಿತ್ತು, ಅದನ್ನು ಸೂಜಿಯಲ್ಲೇ ಕೆದಕಿ ತೆಗೆದೆ. ಚರ್ಮದ ಬೆಲ್ಟ್ ಸಡಿಲಾಗಿತ್ತು. ಅರ್ಧ ಇಂಚು ಕತ್ತರಿಸಿ ಮತ್ತೆ ಕೊಂಡಿ ಹಾಕಿದ ಮೇಲೆ ಚಕ್ರ ತಿರುಗಿತು.

ಈ ಮಷೀನುಗಳ ಒಳಗಿನ ರಚನೆ ಸಿಂಗರ್ ಕಂಪನಿಯ ಹಳೇ 'ಕ್ಲಾಸ್ 15' ಮಾದರಿಯದು. ಹಾಗಾಗಿ ಸೂಜಿ, ತಳದ ದಾರ ಸುತ್ತುವ ಬಾಬಿನ್, ಬಾಬಿನ್ ಕೇಸ್ ಎಲ್ಲಾ ಇವತ್ತಿಗೂ ಯಾವ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಕೇಳಿದರೂ ಕೊಡುತ್ತಾರೆ. ದಿನದ ಬ್ಲೌಸಿಗೆ 14ರ ಸೂಜಿ ಸಾಕು. ನಾನು 16 ತಂದೆ. ಪ್ಯಾಕೆಟ್ಟಿನ ಮೇಲೆ ಅದರ ಪಕ್ಕ 100 ಅಂತ ಇರುತ್ತದೆ, ಅಂದರೆ ಸೂಜಿ ಒಂದು ಮಿಲಿಮೀಟರ್ ದಪ್ಪ. ನಾಲ್ಕು ಪದರ ಬಟ್ಟೆಯಲ್ಲಿ ತೆಳು ಸೂಜಿ ಬಾಗುತ್ತದೆ, ಬಾಗಿದ ಸೂಜಿ ಪ್ಲೇಟಿಗೆ ಬಡಿದು ಮುರಿಯುತ್ತದೆ.

ಕಲಿಸಿದವರು ನಮ್ಮ ಹಿಂಬದಿಯ ಮನೆಯ ಕಾಕು. ಅವರು ಒಂದು ಕಾಲಕ್ಕೆ ಹೊಲಿಗೆ ಕ್ಲಾಸ್ ನಡೆಸಿದವರು. ಕಸೂತಿ ಗೊತ್ತು, ಕೈಕೌದಿ ಗೊತ್ತು, ಬಟ್ಟೆಗೆ ರಿಂಗ್ ಹಾಕಿ ಮಷೀನಿನಲ್ಲೇ ಹೂ ಬಿಡಿಸುವುದೂ ಗೊತ್ತು. "ಮಷೀನಿನಾಗ ಕೌದಿ ಹೊಲೀತೀಯಾ?" ಅಂತ ನಕ್ಕರು. ಆದರೂ ಒಂದು ಭಾನುವಾರ ಜಿಟಿಜಿಟಿ ಮಳೆಯಲ್ಲೇ ಸೆರಗು ತಲೆಗೆ ಹೊದ್ದುಕೊಂಡು ಬಂದರು.

ಮೊದಲು ನೆಲದ ಮೇಲೆ ಹಾಸುವ ಕೆಲಸ. ತಳಕ್ಕೆ ಒಂದು ಸೀರೆ, ನಡುವೆ ಎರಡು ಪದರ ಸವೆದ ಧೋತ್ರ, ಮೇಲೆ ನಾನು ಚೌಕ ಚೌಕ ಕತ್ತರಿಸಿ ಜೋಡಿಸಿದ ಇಳಕಲ್ ತುಂಡು. ಇಳಕಲ್ ಸೀರೆಯ ಮೈ ಹತ್ತಿ, ಒಗೆದೂ ಒಗೆದೂ ಮೆತ್ತಗಾಗಿರುತ್ತದೆ. ಅಂಚು ಮಾತ್ರ ರೇಷ್ಮೆಯ ನೂಲು, ಅದು ಸೂಜಿಯ ಕೆಳಗೆ ಜಾರುತ್ತದೆ. ಕಾಕು ಅಂಚನ್ನೆಲ್ಲ ಬೇರೆ ತೆಗೆಸಿದರು. "ಇವು ಕಡೀಕ ಸುತ್ತಲೂ ಪಟ್ಟಿ ಹಚ್ಚಲಿಕ್ಕೆ ಬರ್ತಾವ, ಇಡು" ಅಂದರು. ಆಮೇಲೆ ಇಬ್ಬರೂ ಮಂಡಿಯೂರಿ ಕೂತು ಅಂಗೈಯಿಂದ ಬಟ್ಟೆ ತೀಡುತ್ತಾ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದೆವು. ಇದಕ್ಕೇ ಬೆಳಗಿನ ಹೊತ್ತೆಲ್ಲ ಹೋಯಿತು. ಮಷೀನಿನಲ್ಲಿ ಮಾಡಿದರೆ ಬೇಗ ಆಗುತ್ತದೆ ಅನ್ನುವವರು ಈ ಭಾಗವನ್ನು ಹೇಳುವುದೇ ಇಲ್ಲ.

ನಾನು ಮಷೀನಿಗೆ ಕೂತು ಒಂದು ಮೂಲೆಯನ್ನು ಸೂಜಿಯ ಕೆಳಗೆ ತಂದೆ. ಕೌದಿ ಹೊಲಿಯುವುದೇ ಹಾಗಲ್ಲವೇ? ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ಒಳಗೆ ಹೋಗುವುದು. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿಯೂ ಹಾಗೇ. ಅವರು ನಾಲ್ಕೂ ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಸಣ್ಣ ಹೂವಿನಂಥದ್ದೊಂದನ್ನು ಇಡುತ್ತಾರೆ, ಅದಿಲ್ಲದೆ ಕೌದಿ ಮುಗಿದ ಲೆಕ್ಕ ಅಲ್ಲ. ಕಾಕು ನನ್ನ ಕೈ ತಡೆದರು.

"ನಡುವಿನಿಂದ ಶುರು ಮಾಡು."

"ಯಾಕ್ರೀ ಕಾಕು? ನೀವು ಅಂಚಿನಿಂದ ಹೊಲೀತೀರಲ್ಲ?"

"ಕೈಯಾಗಿನ ಸೂಜಿ ಎಲ್ಲಾ ಪದರಾನೂ ಒಮ್ಮೆಗೇ ಹಿಡೀತದ. ಈ ಮಷೀನಿನ ಹಲ್ಲು ತಳಗಿನ ಅರಿವಿ ಅಷ್ಟ ಎಳೀತದ. ಮ್ಯಾಲಿಂದು ಹಿಂದ ಉಳೀತದ. ಅಂಚು ಮೊದಲ ಮುಚ್ಚಿಬಿಟ್ರ, ಉಳದದ್ದು ಎಲ್ಲಿ ಹೋಗಬೇಕು?"

ಅದು ನಿಜ. ಹಲ್ಲು ಕೆಳಗಿನಿಂದ ಬಟ್ಟೆಯನ್ನು ಹಿಂದಕ್ಕೆ ಸರಿಸುತ್ತದೆ, ಮೇಲಿನ ಫೂಟ್ ಸುಮ್ನೆ ಒತ್ತಿಕೊಂಡಿರುತ್ತದೆ. ಪ್ರತಿ ಸಾಲಿಗೂ ಮೇಲಿನ ಬಟ್ಟೆ ಒಂದೊಂದು ಚೂರು ಉಳಿಯುತ್ತಾ ಹೋಗುತ್ತದೆ. ನಡುವಿನಿಂದ ಹೊರಗೆ ಹೊಲಿದರೆ ಆ ಉಳಿಕೆ ಅಂಚಿಗೆ ಹೋಗಿ ಆಚೆ ಬೀಳುತ್ತದೆ, ಕಡೆಗೆ ಕತ್ತರಿಸಬಹುದು. ಅಂಚಿನಿಂದ ಒಳಗೆ ಬಂದರೆ ನಡುವೆ ಗುಡ್ಡೆ ಕಟ್ಟುತ್ತದೆ. ಕೈಕೌದಿಯಲ್ಲಿ ಆ ಸುಕ್ಕನ್ನು ಹೊಲಿಯುವಾಕೆ ಅಂಗೈಯಲ್ಲಿ ತೀಡಿ ತೀಡಿ ಹೊಲಿಗೆಗಳ ನಡುವೆ ಹಂಚಿಬಿಡುತ್ತಾಳೆ. ಕೈಕೌದಿ ಉಬ್ಬುಬ್ಬಾಗಿ ಮೆತ್ತಗಿರುವುದು ಅದಕ್ಕೇ. ಕಾಕು ಮಷೀನಿನ ತಲೆಯ ಮೇಲಿನ ತಿರುಪು ಸಡಿಲಿಸಿ ಫೂಟಿನ ಒತ್ತಡ ಕಡಿಮೆ ಮಾಡಿದರು. ಹೊಲಿಗೆ ಉದ್ದ ಮಾಡಿಕೊಂಡು ನಡುವಿನಿಂದ ಹೊರಟೆ.

ಕಷ್ಟ ಆದದ್ದು ಹೊಲಿಗೆಯಲ್ಲ, ಕೌದಿಯ ಮೈ. ಸೂಜಿಗೂ ಮಷೀನಿನ ಕಂಬಕ್ಕೂ ನಡುವೆ ಒಂದು ಗೇಣಿಗಿಂತ ಕಡಿಮೆ ಜಾಗ. ಅರ್ಧ ಕೌದಿಯನ್ನು ಬಿಗಿಯಾಗಿ ಸುರುಳಿ ಸುತ್ತಿ ಆ ಸಂದಿನಲ್ಲಿ ತೂರಿಸಬೇಕು. ಉಳಿದರ್ಧ ಎಡಕ್ಕೆ ಜೋತುಬಿದ್ದರೆ ಅದರ ಭಾರಕ್ಕೆ ಬಟ್ಟೆ ವಾರೆಯಾಗಿ ಸೂಜಿಯನ್ನು ಎಳೆಯುತ್ತದೆ. ಊಟದ ಟೇಬಲ್ಲನ್ನು ಎಡಗಡೆಗೆ ಎಳೆದು ಕೌದಿಯನ್ನು ಅದರ ಮೇಲೆ ಬಿಟ್ಟ ಮೇಲೆ ಸಾಲು ನೇರ ಬಂತು. ಕಾಲಿನದು ಇನ್ನೊಂದು ಕಥೆ. ಪ್ರತಿ ಸಲ ಚಕ್ರವನ್ನು ಕೈಯಿಂದ ನಮ್ಮ ಕಡೆಗೆ ತಿರುಗಿಸಿ ಶುರು ಮಾಡಬೇಕು, ಆಮೇಲೆ ಕಾಲು ಸೇರಬೇಕು. ಲಯ ತಪ್ಪಿ ಚಕ್ರ ಉಲ್ಟಾ ತಿರುಗಿದರೆ ದಾರ ಕಡಿಯುತ್ತದೆ. ಅದೇ ತುಳಿಯುವ ಮಷೀನಿನ ದೊಡ್ಡ ಸುಖವೂ ಕಾಲಿನಲ್ಲೇ ಇದೆ. ದಪ್ಪ ಜೋಡಣೆ ಬಂದಾಗ ಒಂದೊಂದೇ ಹೊಲಿಗೆ ಇಳಿಸಬಹುದು, ಎರಡೂ ಕೈ ಬಟ್ಟೆ ಹಿಡಿಯಲು ಬಿಡುವಾಗಿರುತ್ತವೆ. ಕರೆಂಟ್ ಹೋದರೂ ನಿಲ್ಲುವುದಿಲ್ಲ. ಅವತ್ತು ಹೋಗಿತ್ತು ಕೂಡ.

ನೇರ ಸಾಲು ಕೈಗೆ ಹತ್ತಿದ ಮೇಲೆ ನನಗೆ ಬಳ್ಳಿಯ ಆಸೆ ಬಂತು. ಕಾಕು ಫೂಟನ್ನೇ ಬಿಚ್ಚಿ ತೆಗೆದು, ಹಲ್ಲಿನ ಮೇಲೆ ಒಂದು ತೆಳು ಪ್ಲೇಟ್ ಕೂರಿಸಿದರು. ಈಗ ಬಟ್ಟೆಯನ್ನು ಎಳೆಯುವವರು ಯಾರೂ ಇಲ್ಲ, ಕೈ ಆಡಿಸಿದ ಕಡೆ ಹೊಲಿಗೆ. ಇದರಲ್ಲಿ ಅವರು ಎರಡು ಸಲ ಹೇಳಿದ್ದು ಒಂದೇ ಮಾತು: ಫೂಟ್ ಇಲ್ಲದಿದ್ದರೂ ಅದರ ಹಿಡಿಕೆಯನ್ನು ಕೆಳಗೆ ಇಳಿಸಲೇಬೇಕು. ಹಿಡಿಕೆ ಮೇಲಿದ್ದರೆ ದಾರ ಬಿಗಿ ಹಿಡಿಯುವ ಬಿಲ್ಲೆಗಳು ಬಾಯಿ ತೆರೆದಿರುತ್ತವೆ. ಮೇಲಿಂದ ನೋಡಲು ಎಲ್ಲಾ ಸರಿ, ತಳದಲ್ಲಿ ದಾರದ ಗಂಟೋ ಗಂಟು. ಕೈ ಜೋರಾಗಿ ಹೋದರೆ ಹೊಲಿಗೆ ಉದ್ದ, ಕಾಲು ಜೋರಾದರೆ ಒಂದೇ ಕಡೆ ಗುಪ್ಪೆ. ಎರಡು ಎಲೆ, ಅರ್ಧ ಬಳ್ಳಿ ಬಂತು. ಚೆಂದವೇ ಇತ್ತು. ಆದರೆ ಇಳಕಲ್‌ನ ಸಣ್ಣ ಚೌಕುಳಿಯ ಮೇಲೆ ಆ ಬಳ್ಳಿ ಕಾಣುವುದೇ ಇಲ್ಲ. ಸಾದಾ ಬಟ್ಟೆಗೆ ಅದನ್ನು ಇಟ್ಟುಕೊಂಡು ಮತ್ತೆ ಸಾಲಿಗೆ ಬಂದೆ. ಎರಡು ಬೆರಳಿಗೊಂದು ಸಾಲು.

ಸುತ್ತಲೂ ಅಂಚಿನ ಪಟ್ಟಿ ಹಚ್ಚಿ ಮುಗಿಸಿ ತೋರಿಸಲು ಒಯ್ದಾಗ ಕಾಕು ಮೊದಲು ಅದನ್ನು ಮಗುಚಿ ಹಾಕಿದರು. ಕಸೂತಿಯ ಕೈ ಅದು. ಕಸೂತಿಯ ಗವಂತಿ, ಮುರಗಿ ಹೊಲಿಗೆ ಹಾಕುವವರು ಹಿಂಬದಿಯೂ ಮುಂಬದಿಯ ಹಾಗೇ ಇದೆಯಾ ಅಂತ ನೋಡಿಯೇ ಮುಂದಿನ ಮಾತು. ಹಿಂಬದಿಗೆ ತಕರಾರು ಇರಲಿಲ್ಲ. ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕೂತರು, ಎದ್ದರು, ಹೊದ್ದರು.

"ಚಾದರ ಛೊಲೋ ಆಗ್ಯದ. ಇದಕ್ಕ ಕೌದಿ ಅನಬ್ಯಾಡ ನೋಡು. ಹಲಗಿ ಹಂಗ ಬಿರುಸು ಆಗ್ಯದ."

ಬಿರುಸು ಅನ್ನುವುದನ್ನು ಒಪ್ಪುತ್ತೇನೆ. ಮಷೀನಿನ ಹೊಲಿಗೆಗೆ ಮೇಲೊಂದು ಕೆಳಗೊಂದು ಎರಡು ದಾರ, ಎರಡೂ ಬಿಗಿ. ಸಾಲು ಹತ್ತಿರ ಬಂದಷ್ಟೂ ಬಟ್ಟೆ ಸೆಡೆಯುತ್ತದೆ. ಆದರೆ ಕೌದಿ ಅಲ್ಲ ಅನ್ನುವುದನ್ನು ನಾನು ಒಪ್ಪಲಿಲ್ಲ, ಅವರ ಎದುರಿಗೇ ಹೇಳಿದೆ. ಅವರ ಮನೆಯ ದೊಡ್ಡ ಕೌದಿ ನೆನೆದರೆ ಹಿಂಡಲು ಇಬ್ಬರು ಬೇಕು, ನಮ್ಮ ಮಳೆಗಾಲದಲ್ಲಿ ಅದು ಒಣಗುವ ಮಾತೇ ಇಲ್ಲ. ನನ್ನದು ವಾಷಿಂಗ್ ಮಷೀನಿಗೆ ಹೋಗುತ್ತದೆ, ಫ್ಯಾನಿನ ಕೆಳಗೆ ಹಾಕಿದರೆ ಒಣಗುತ್ತದೆ. ಸಣ್ಣ ಮನೆಯಲ್ಲಿ ಇರುವವರಿಗೆ ಇದೂ ಒಂದು ಕೌದಿಯೇ. ಕಾಕು ಉತ್ತರ ಕೊಡಲಿಲ್ಲ. ಒಳಗೆ ಹೋಗಿ ಚಹಾ ತಂದರು. ಚಹಾ ಕುಡಿಯುತ್ತಾ, ಮುಂದಿನದಕ್ಕೆ ಸಾಲು ನಾಲ್ಕು ಬೆರಳು ದೂರ ಇಡು, ನಡುವಿನ ಧೋತ್ರ ಒಂದೇ ಪದರ ಸಾಕು ಅಂದರು. ನಾನು ಎರಡೇ ಇರಲಿ ಅಂದೆ. ಅದು ಇನ್ನೂ ತೀರ್ಮಾನ ಆಗಿಲ್ಲ.